ಟಿಕೆಟ್ಟಿನ ಬೆನ್ನಿಗೆ ನಾಲ್ಕು ಸಾಲು: ಸಾಂಸ್ಕೃತಿಕ ಖಾತೆಯ ಸಚಿವರಿಗೆ ಪುಣೆಯಿಂದ ಬಹಿರಂಗ ಪತ್ರ

ಮಹಾರಾಷ್ಟ್ರ ಸರ್ಕಾರದ ಸಾಂಸ್ಕೃತಿಕ ಖಾತೆಯ ಮಾನ್ಯ ಸಚಿವರಿಗೆ,

ಪುಣೆಯ ಕೋಥರೂಡಿನಿಂದ ಸವಿನಯ ನಮಸ್ಕಾರಗಳು. ಈ ಪತ್ರದ ಮರಾಠಿ ಪ್ರತಿ ಅಂಚೆಯಲ್ಲಿ ಮುಂಬಯಿಯ ಮಂತ್ರಾಲಯಕ್ಕೆ, ಅಂದರೆ ನಿಮ್ಮ ಸಚಿವಾಲಯಕ್ಕೆ, ಬರುತ್ತದೆ. ಕನ್ನಡದಲ್ಲೂ ಬರೆಯುತ್ತಿರುವುದು ಪುಣೆ, ಮುಂಬಯಿ, ಸಾಂಗಲಿ, ಸೊಲ್ಲಾಪುರಗಳಲ್ಲಿರುವ ನಮ್ಮವರು ಓದಲಿ, ತಮ್ಮದೂ ಒಂದು ಮಾತು ಸೇರಿಸಲಿ ಎಂದು. ನಾವು ನಿಮ್ಮ ರಾಜ್ಯದ ಸಭಾಗೃಹಗಳಿಗೆ ಹಳೇ ಗಿರಾಕಿಗಳು. ಕುಂದಗೋಳದ ರಾಮಭಾವು ಸವಾಯಿ ಗಂಧರ್ವರೆನಿಸಿ ಮರಾಠಿ ಸಂಗೀತ ನಾಟಕಗಳಲ್ಲಿ ಹೆಸರು ಮಾಡಿದ್ದು, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಆ ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಉತ್ಸವ ಆರಂಭಿಸಿದ್ದು ತಮಗೆ ಹೊಸದೇನಲ್ಲ. ಧಾರವಾಡ, ಹುಬ್ಬಳ್ಳಿ, ಗದಗಿನ ಕಡೆಯಿಂದ ನೌಕರಿಗೆಂದೋ ಮದುವೆಯಾಗಿಯೋ ಬಂದು ಇಲ್ಲಿ ಬೇರೂರಿದ ನಮ್ಮಂಥವರು ವರ್ಷದ ರಜೆಯನ್ನೆಲ್ಲ ಉಳಿಸಿಕೊಳ್ಳುತ್ತಿದ್ದುದೇ ಡಿಸೆಂಬರಿನ ಆ ದಿನಗಳಿಗಾಗಿ.

ಕೇಳಿಕೊಳ್ಳಬೇಕಾದ್ದು ಸಣ್ಣದು. ರೋಗ ಹಬ್ಬಿ ಸರ್ಕಾರವೇ ಸಭಾಗೃಹ ಮುಚ್ಚಿಸಿದಾಗ, ನಾವು ಮೊದಲೇ ದುಡ್ಡು ಕೊಟ್ಟು ಕೊಂಡ ಟಿಕೆಟ್ಟಿನ ಗತಿ ಏನು, ಆ ದುಡ್ಡು ಎಷ್ಟು ದಿನದೊಳಗೆ ಯಾರಿಗೆ ಸೇರಬೇಕು, ಅವತ್ತು ಗಾಯಕರ ಜೊತೆ ತಬಲಾ, ಹಾರ್ಮೋನಿಯಂ ನುಡಿಸಬೇಕಿದ್ದ ಸಾಥಿದಾರರ ಕೈಗೆ ಏನು ಬರಬೇಕು, ಇಷ್ಟನ್ನು ಈಗಲೇ ನಿಯಮ ಮಾಡಿ. ಮಾಡಿ, ಪ್ರತಿ ಟಿಕೆಟ್ಟಿನ ಬೆನ್ನಿಗೆ ನಾಲ್ಕು ಸಾಲಿನಲ್ಲಿ ಅಚ್ಚು ಹಾಕಿಸಿ. ಕೊರೊನಾ ಮುಗಿದು ಇಷ್ಟು ವರ್ಷ ಆದ ಮೇಲೆ ಇದೇನು ಹೊಸ ತಕರಾರು ಅನ್ನಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸವನ್ನು ಹೋದ ಸಲವೇ ನೋಡಿದ್ದೇವೆ. ಬೆಂಕಿ ಇಲ್ಲದಾಗ ತೋಡಿಸಿ ಅಂತಲೇ ಈ ಅರ್ಜಿ.

ನೂರು ವರ್ಷಕ್ಕೊಮ್ಮೆ ಬರುವ ಗಂಡಾಂತರ ಅಂತ 2020ರಲ್ಲಿ ಎಲ್ಲರೂ ಹೇಳುತ್ತಿದ್ದರು. ಪುಣೆಯ ಮಂದಿ ಹಾಗೆ ಹೇಳಬಾರದು. ಹಂದಿಜ್ವರಕ್ಕೆ ದೇಶದಲ್ಲಿ ಮೊದಲ ಸಾವು ಆಗಿದ್ದು 2009ರ ಆಗಸ್ಟಿನಲ್ಲಿ, ಇದೇ ಊರಿನಲ್ಲಿ. ಶಾಲೆ, ಸಿನಿಮಾ ಮಂದಿರ ಮುಚ್ಚಿದವು, ಔಷಧಿ ಅಂಗಡಿಗಳಲ್ಲಿ ಮಾಸ್ಕು ಸಿಗದಾಯಿತು. ಆ ವರ್ಷ ಡಿಸೆಂಬರಿನಲ್ಲಿ ಆಗಬೇಕಿದ್ದ ಸವಾಯಿ ಗಂಧರ್ವ ಉತ್ಸವ 2010ರ ಜನವರಿಗೆ ಹೋಯಿತು. 2009ರ ಜುಲೈಯಲ್ಲಷ್ಟೇ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ ತೀರಿಕೊಂಡಿದ್ದರು. ಅವರನ್ನು ನೆನೆದು ಎಲ್ಲರೂ ಒಂದು ಕಡೆ ಕೂತು ಕೇಳೋಣ ಅಂದುಕೊಂಡಿದ್ದವರಿಗೆ ಆ ಒಂದು ತಿಂಗಳು ಬಹಳ ಉದ್ದವಾಗಿತ್ತು. ಅದಾಗಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಕೊರೊನಾ. ಇನ್ನೂ ಹಿಂದಕ್ಕೆ ಹೋದರೆ, 2020ರ ಮಾರ್ಚಿನಲ್ಲಿ ನಿಮ್ಮ ಸರ್ಕಾರ ಜಾರಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆ ಇದೆಯಲ್ಲ, ಅದು 1897ರದ್ದು, ಮುಂಬಯಿ ಪ್ರಾಂತ್ಯದ ಪ್ಲೇಗಿಗಾಗಿ ಬ್ರಿಟಿಷರು ಮಾಡಿದ್ದು. ಮುಚ್ಚಿಸುವ ಅಧಿಕಾರ ಅದರಲ್ಲಿ ಧಾರಾಳವಾಗಿದೆ. ಮುಚ್ಚಿಸಿದ ಮೇಲೆ ಮುಂಗಡ ದುಡ್ಡು ಏನಾಗಬೇಕು ಎಂಬುದಕ್ಕೆ ಒಂದು ಅಕ್ಷರವೂ ಇಲ್ಲ.

ನಮ್ಮ ಸಂಗತಿಯನ್ನೇ ಹೇಳುತ್ತೇನೆ. 2020ರ ಯುಗಾದಿ, ನಿಮ್ಮ ಗುಡಿ ಪಾಡವಾ, ಮಾರ್ಚ್ 25ಕ್ಕೆ ಬಂದಿತ್ತು. ಬೆಳಗಿನ ಕಛೇರಿಗೆ ನಮ್ಮ ಓಣಿಯ ಐದಾರು ಮನೆಯವರು ಫೆಬ್ರವರಿಯಲ್ಲೇ ಟಿಕೆಟ್ ಕೊಂಡಿದ್ದೆವು. ಆರು ಗಂಟೆಗೆ ಗಾಯನ, ಮುಗಿದ ಮೇಲೆ ಮನೆಗೆ ಬಂದು ಬೇವು ಬೆಲ್ಲ, ಹೋಳಿಗೆ ಅಂತ ಲೆಕ್ಕಾಚಾರ. ಮಾರ್ಚ್ 13ಕ್ಕೆ ಪುಣೆ, ಪಿಂಪ್ರಿ-ಚಿಂಚವಡದ ಚಿತ್ರಮಂದಿರ, ಜಿಮ್ಮುಗಳನ್ನೆಲ್ಲ ಮುಚ್ಚುವ ಘೋಷಣೆ ಬಂತು. ಅದಾಗಿ ಒಂದೆರಡು ದಿನಕ್ಕೆ ಮೊಬೈಲಿಗೆ ಸಂದೇಶ: ಕಾರ್ಯಕ್ರಮ ಮುಂದೂಡಲಾಗಿದೆ, ಹೊಸ ದಿನಾಂಕ ತಿಳಿಸಲಾಗುವುದು. ಯುಗಾದಿಯ ದಿನವೇ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡು ಕೂತಿತು.

ಹೊಸ ದಿನಾಂಕ ಬರಲೇ ಇಲ್ಲ. ಆಯೋಜಕರಿಗೆ ಫೋನ್ ಮಾಡಿದರೆ ಹಣ ಇನ್ನೂ ಟಿಕೆಟ್ ಮಾರುವ ಕಂಪನಿಯಲ್ಲಿದೆ ಅಂದರು. ಕಂಪನಿಗೆ ಬರೆದರೆ ಆಯೋಜಕರ ನಿರ್ಧಾರಕ್ಕೆ ಕಾಯುತ್ತಿದ್ದೇವೆ ಎಂಬ ಉತ್ತರ, ಅದೂ ಯಂತ್ರದ್ದು. ತಿಂಗಳುಗಟ್ಟಲೆ ಹೀಗೇ ನಡೆದು, ಕೊನೆಗೆ ಒಂದು ದಿನ ಕೂಪನ್ ಬಂತು. ಅದೇ ಕಂಪನಿಯಲ್ಲಿ ಬೇರೆ ಯಾವುದಾದರೂ ಕಾರ್ಯಕ್ರಮಕ್ಕೆ ಆರು ತಿಂಗಳೊಳಗೆ ಬಳಸಿಕೊಳ್ಳಿ ಅಂತ. ಯಾವ ಕಾರ್ಯಕ್ರಮಕ್ಕೆ? ಊರಿನಲ್ಲಿ ಒಂದು ಸಭಾಗೃಹದ ಬಾಗಿಲೂ ತೆರೆದಿರಲಿಲ್ಲ. ಕೂಪನ್ನಿನ ಅವಧಿ ಸದ್ದಿಲ್ಲದೆ ತೀರಿತು. ಟಿಕೆಟ್ಟಿನ ಮೇಲೆ ಹಾಕಿದ್ದ ಸೇವಾಶುಲ್ಕದ ಸುದ್ದಿಯನ್ನಂತೂ ಯಾರೂ ಎತ್ತಲಿಲ್ಲ.

ನಮ್ಮ ಮೇಲಿನ ಮನೆಯ ಕಾಕಾ ಎಂಬತ್ತು ದಾಟಿದವರು. ಟಿಕೆಟ್ಟಿನ ಈ ಪುರಾಣವನ್ನೆಲ್ಲ ಬಾಲ್ಕನಿಯಿಂದ ಕೇಳಿಸಿಕೊಂಡು ಅವರು ಅಂದದ್ದು ಇಷ್ಟೇ: "ನಮ್ಮ ರೊಕ್ಕ ಹೋದ್ರ ಹೋಗ್ಲಿ ಬಿಡ್ರಿ. ಆ ತಬಲಾದ ಹುಡುಗಗ ಏನರ ಮುಟ್ಟೇತೇನು ಕೇಳ್ರಿ ಮೊದ್ಲ." ಕೇಳಿದೆವು. ಏನೂ ಮುಟ್ಟಿರಲಿಲ್ಲ. ಕಾರ್ಯಕ್ರಮ ನಡೆದರೆ ತಾನೇ ಬಿದಾಯಿ, ಅಂದರೆ ಸಂಭಾವನೆ, ಕೊಡುವುದು! ನಮ್ಮಿಂದ ಹೊರಟ ದುಡ್ಡು ನಮಗೂ ವಾಪಸಾಗದೆ, ನುಡಿಸುವವರಿಗೂ ಸೇರದೆ, ಇಬ್ಬರ ನಡುವೆ ಯಾರದೋ ಖಾತೆಯಲ್ಲಿ ಕೂತುಬಿಟ್ಟಿತ್ತು. ನನ್ನ ಪತ್ರ ಬಂದು ನಿಲ್ಲುವುದು ಇಲ್ಲೇ. ಒಬ್ಬ ಆಯೋಜಕ ಕೆಟ್ಟವನು, ಒಂದು ಕಂಪನಿ ಮೋಸಗಾರ ಅಂತ ದೂರುವುದಕ್ಕೆ ಬರೆಯುತ್ತಿಲ್ಲ. ನಿಯಮವೇ ಇಲ್ಲದ ಕಡೆ ದುಡ್ಡು ಯಾರ ಕೈಯಲ್ಲಿದೆಯೋ ಅವರದೇ ಆಗುತ್ತದೆ.

ಬೇರೆ ಟಿಕೆಟ್ಟುಗಳಿಗೆ ನಿಯಮ ಆಯಿತಲ್ಲ. ರದ್ದಾದ ರೈಲುಗಳ ಹಣವನ್ನು ರೈಲ್ವೆ ಪೂರ್ತಿ ಹಿಂದಿರುಗಿಸಿತು. ವಿಮಾನದ ಟಿಕೆಟ್ಟಿನ ಕುರಿತು 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಲಾಕ್‌ಡೌನಿನಲ್ಲೇ ಆ ದಿನಗಳ ಪ್ರಯಾಣಕ್ಕೆ ಕೊಂಡವರಿಗೆ ಪೂರ್ತಿ ಹಣ, ಉಳಿದವರಿಗೆ ಕೂಡಲೇ ಕೊಡಲಾಗದಷ್ಟು ಕಂಪನಿ ಕಷ್ಟದಲ್ಲಿದ್ದರೆ 2021ರ ಮಾರ್ಚ್ 31ರ ತನಕ ನಡೆಯುವ ಜಮಾಚೀಟಿ, ಆ ಜಮಾವನ್ನು ಬೇರೆಯವರಿಗೂ ಕೊಡಬಹುದು, ಬಳಸದೆ ಉಳಿದರೆ ನಗದು. ಜರ್ಮನಿಯವರು 2020ರ ಮೇ ತಿಂಗಳಿನಲ್ಲೇ ಸಂಗೀತ, ನಾಟಕ, ಆಟೋಟದ ಟಿಕೆಟ್ಟುಗಳಿಗೆಂದೇ ಕಾನೂನು ಮಾಡಿದರು. ಆ ಮಾರ್ಚ್ 8ಕ್ಕಿಂತ ಮುಂಚೆ ಕೊಂಡ ಟಿಕೆಟ್ಟಿಗೆ ಆಯೋಜಕರು ಹಣದ ಬದಲು ವೋಚರ್ ಕೊಡಬಹುದು, 2021 ಮುಗಿಯುವಷ್ಟರಲ್ಲಿ ಅದು ಬಳಕೆಯಾಗದಿದ್ದರೆ ನಗದಾಗಿ ತಿರುಗಿಸಲೇಬೇಕು. ಆಯೋಜಕ ಮುಳುಗಬಾರದು, ಕೇಳುಗ ಕಳೆದುಕೊಳ್ಳಬಾರದು, ಎರಡನ್ನೂ ತೂಗಿ ನೋಡಿ ಮಾಡಿದ ಕಾನೂನು ಅದು. ನಮ್ಮಲ್ಲಿ ಸಂಗೀತದ ಟಿಕೆಟ್ಟನ್ನು ಕಾಣುವ ಕಣ್ಣು ತೆರಿಗೆ ಇಲಾಖೆಗೆ ಮಾತ್ರ ಇದ್ದಂತಿದೆ. 500 ರೂಪಾಯಿ ದಾಟಿದರೆ ಶೇಕಡಾ 18 ಜಿಎಸ್‌ಟಿ. ಅಷ್ಟು ಖಚಿತವಾಗಿ ತೆಗೆದುಕೊಳ್ಳಲು ಬರುವವರಿಗೆ ಅಷ್ಟೇ ಖಚಿತವಾಗಿ ಕೊಡಿಸಲು ಬರುವುದಿಲ್ಲವೇ?

ಮುಚ್ಚಿದ್ದೇ ತಪ್ಪು ಅಂತ ನಾನು ಅನ್ನುವುದಿಲ್ಲ. ಹಾಡುವ ಕಡೆ ಅಪಾಯ ನಿಜವಾಗಿಯೂ ಇತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯನವೃಂದ ಎರಡೂವರೆ ತಾಸು ಅಭ್ಯಾಸ ಮಾಡಿತು. ಬಂದಿದ್ದ 61 ಜನರಲ್ಲಿ 53 ಮಂದಿಗೆ ಕಾಯಿಲೆ ತಗುಲಿತು, ಇಬ್ಬರು ಸತ್ತರು. ಗಾಳಿಯಲ್ಲಿ ತೇಲುವ ಸಣ್ಣ ಹನಿಗಳಿಂದ ರೋಗ ಹರಡುತ್ತದೆಂದು ತಜ್ಞರು ಬೆರಳಿಟ್ಟು ತೋರಿಸಿದ ಪ್ರಕರಣಗಳಲ್ಲಿ ಅದು ಮೊದಲ ಸಾಲಿನದು. ಹಾಗೆಯೇ, 2021ರ ಮಾರ್ಚ್ 27ರಂದು ಬಾರ್ಸೆಲೋನಾದಲ್ಲಿ 5,000 ಜನರನ್ನು ಅವತ್ತೇ ಪರೀಕ್ಷೆ ಮಾಡಿ, ಒಳ್ಳೆಯ ಮಾಸ್ಕು ತೊಡಿಸಿ, ಗಾಳಿಯಾಡುವ ಸಭಾಂಗಣಕ್ಕೆ ಬಿಟ್ಟು ರಾಕ್ ಕಛೇರಿ ನಡೆಸಿದರು. ಅಲ್ಲಿ ಸೋಂಕು ಹರಡಿದ ಗುರುತು ಸಿಗಲಿಲ್ಲ. ಯಾವಾಗ ಮುಚ್ಚಬೇಕು, ಹೇಗೆ ತೆರೆಯಬೇಕು ಎಂಬುದನ್ನು ತಿಳಿದವರು ನೋಡಿಕೊಳ್ಳಲಿ. ಮುಚ್ಚಿದಾಗ ಲೆಕ್ಕ ಚುಕ್ತಾ ಮಾಡುವುದು ವೈದ್ಯರ ಕೆಲಸ ಅಲ್ಲ, ತಮ್ಮ ಖಾತೆಯದು.

ಸಾಥಿದಾರರ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೀಗ ಹಾಕಿದ ತಿಂಗಳುಗಳಲ್ಲಿ ದೊಡ್ಡ ಗವಾಯಿಗಳು ಮನೆಯಿಂದಲೇ ಫೇಸ್‌ಬುಕ್ಕಿನಲ್ಲಿ, ಯೂಟ್ಯೂಬಿನಲ್ಲಿ ಹಾಡಿದರು. ನಾವೂ ಕೇಳಿದೆವು, ಕೃತಜ್ಞತೆಯಿಂದಲೇ ಕೇಳಿದೆವು. ಆದರೆ ಗವಾಯಿ ಒಂದು ಮನೆಯಲ್ಲಿ, ತಬಲಾದವರು ಇನ್ನೊಂದು ಮನೆಯಲ್ಲಿ ಕೂತು ಅಂತರ್ಜಾಲದ ಮೇಲೆ ಒಟ್ಟಿಗೆ ನುಡಿಸುವುದು ಆಗದ ಮಾತು. ದನಿ ಈ ಕಡೆಯಿಂದ ಆ ಕಡೆ ಹೋಗಿ ಮುಟ್ಟುವಷ್ಟರಲ್ಲಿ ಸಮ್ಮಿನ, ಅಂದರೆ ತಾಳದ ಮೊದಲ ಪೆಟ್ಟಿನ, ಜಾಗ ತಪ್ಪಿರುತ್ತದೆ. ಹೀಗಾಗಿ ತಬಲಾದ ಬದಲು ಯಂತ್ರ ಬಂತು, ತಂಬೂರಿಯ ಬದಲು ಮೊಬೈಲಿನ ಆ್ಯಪು ಬಂತು. ಪೇಟಿಯವರಿಗಂತೂ, ಅಂದರೆ ಹಾರ್ಮೋನಿಯಂ ನುಡಿಸುವವರಿಗೆ, ಕೆಲಸವೇ ಇರಲಿಲ್ಲ. ಇನ್ನೊಂದು ವಿಚಿತ್ರ ನೋಡಿ: ಆಫೀಸಿನ ಮೀಟಿಂಗಿಗೆಂದು ಮಾಡಿದ ವಿಡಿಯೊ ಆ್ಯಪುಗಳು ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗದ್ದಲ ಅಂತ ತಿಳಿದು ಅಳಿಸಿಹಾಕುತ್ತವೆ. ತಂಬೂರಿಯ ಕೆಲಸವೇ ಒಂದೇ ಸಮನೆ ಬರುವುದು! ನಮ್ಮ ಗುಂಪಿನ ಒಬ್ಬರು ಏರ್ಪಡಿಸಿದ ಮನೆ-ಬೈಠಕ್ಕಿನಲ್ಲಿ ಷಡ್ಜ ಪಂಚಮ ಒಮ್ಮೆ ಕೇಳುತ್ತಿತ್ತು, ಒಮ್ಮೆ ಮಾಯ. ಗವಾಯಿಗಳು ಹಾಡು ನಿಲ್ಲಿಸಿ "ಶ್ರುತಿ ಕೇಳಸಾಕತ್ತೇತೇನ್ರೀ?" ಅಂತ ಕೇಳಿದಾಗ ಇಪ್ಪತ್ತು ಚೌಕದಲ್ಲಿ ಇಪ್ಪತ್ತು ತಲೆ ಇಲ್ಲ ಇಲ್ಲ ಅಂತ ಅಲ್ಲಾಡಿದವು. ಆ ಆ್ಯಪಿನ ಒಂದು ಗುಂಡಿ ಒತ್ತಿದರೆ ಅಸಲಿ ದನಿ ಹಾಗೆಯೇ ಆ ಕಡೆ ಮುಟ್ಟುತ್ತದೆಂದು ಯಾರದೋ ಮೊಮ್ಮಗಳು ಹೇಳಿಕೊಟ್ಟ ಮೇಲೆ ಮುಂದಿನದು ಸರಿಹೋಯಿತು.

ದೊಡ್ಡ ಹೆಸರಿನವರಿಗೆ ಹೀಗೆ ಏನಾದರೂ ಒಂದು ದಾರಿ ಇತ್ತು. ದಾರಿ ಇಲ್ಲದೆ ಹೋದದ್ದು ತಬಲಾ, ಪೇಟಿ, ಸಾರಂಗಿಯವರಿಗೆ, ಹಿಂದೆ ಕೂತು ತಂಬೂರಿ ಹಿಡಿಯುವ ಶಿಷ್ಯರಿಗೆ, ಮೈಕಿನವರಿಗೆ, ಜಮಖಾನ ಹಾಸುವವರಿಗೆ, ಮಧ್ಯಂತರದಲ್ಲಿ ವಡೆ ಕರಿಯುವವರಿಗೆ. ಸರ್ಕಾರ ಕಲಾವಿದರಿಗೆ ಒಂದು ಸಲದ ನೆರವೆಂದು ತಲಾ 5,000 ರೂಪಾಯಿ ಘೋಷಿಸಿತ್ತು. ಇಲ್ಲ ಅನ್ನುವುದಿಲ್ಲ. ಆದರೆ ಪುಣೆಯಲ್ಲಿ ಒಂದು ಸಂಸಾರಕ್ಕೆ ಅದು ಒಂದು ತಿಂಗಳ ಬಾಡಿಗೆಗೂ ಸಾಲದು. ಇತ್ತ ನಮ್ಮಂಥವರ ಟಿಕೆಟ್ ದುಡ್ಡು ಕೂಪನ್ನಾಗಿ ಕರಗಿಹೋಗುತ್ತಿತ್ತು. ಒಂದು ಗುಂಡಿ ಕೊಟ್ಟು, "ನಿಮ್ಮ ಹಣ ವಾಪಸು ಬೇಕೋ, ಈ ಕಾರ್ಯಕ್ರಮದ ಸಾಥಿದಾರರಿಗೆ ಬಿಡುತ್ತೀರೋ" ಎಂದು ಕೇಳಿದ್ದರೆ ನಮ್ಮ ಓಣಿಯ ಐದಾರು ಮನೆಯವರಲ್ಲಿ ಒಬ್ಬರೂ ವಾಪಸು ಕೇಳುತ್ತಿರಲಿಲ್ಲ. ಯಾರೂ ಕೇಳಲಿಲ್ಲ.

ಟಿಕೆಟ್ಟಿಗೆ ಇಷ್ಟು ಮಹತ್ವ ಯಾಕೆ ಅನ್ನುವವರಿಗೆ ಹಳೆಯ ದಿನಗಳ ಒಂದೆರಡು ಮಾತು. ಸವಾಯಿಯ ಸೀಸನ್ ಟಿಕೆಟ್ಟು ಅಂದರೆ ಒಬ್ಬರದಲ್ಲ, ಮನೆಗೆಲ್ಲ ಸೇರಿದ ಆಸ್ತಿ. ಭಾರತೀಯ ಬೈಠಕ್, ಅಂದರೆ ನೆಲದ ಮೇಲಿನ ಜಾಗ, ಎಲ್ಲಕ್ಕಿಂತ ಅಗ್ಗ. ಉತ್ಸವ ರಮಣಬಾಗ ಶಾಲೆಯ ಮೈದಾನದಲ್ಲಿ ಆಗುತ್ತಿದ್ದಾಗ ಮೊದಲು ಹೋದವರು ಚಾಪೆ, ಜಮಖಾನಿ ಹಾಸಿ ಉಳಿದವರಿಗೆ ಜಾಗ ಹಿಡಿಯುತ್ತಿದ್ದರು. ಥರ್ಮಾಸಿನಲ್ಲಿ ಚಹಾ, ಡಬ್ಬಿಯಲ್ಲಿ ಚಪಾತಿ, ಶೇಂಗಾ ಚಟ್ನಿ, ಮೇಲೆ ಹೊದೆಯಲು ಧಾರವಾಡದಿಂದ ಬಂದ ಕೌದಿ. ಮೊದಲೆಲ್ಲ ರಾತ್ರಿಯಿಡೀ ನಡೆಯುತ್ತಿತ್ತು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬ 2000ದ ಶಬ್ದಮಾಲಿನ್ಯ ನಿಯಮ ಬಿಗಿಯಾದ ಮೇಲೆ ಭೈರವ, ತೋಡಿಯಂಥ ಆ ಬೆಳಗಿನ ರಾಗಗಳನ್ನು ಕೇಳಲು ಬೇರೆ ವೇಳೆ ಹುಡುಕಬೇಕಾಯಿತು. ಅತ್ತೆಯವರು ಸಂಜೆಯ ಪಾಳಿ ಕೇಳಿ ಬಂದು ಬಾಗಿಲಲ್ಲೇ ಟಿಕೆಟ್ಟು ನನ್ನ ಕೈಗಿಡುತ್ತಿದ್ದರು, ಜೊತೆಗೆ ಯಾವ ಕಂಬದ ಹತ್ತಿರ ಜಾಗ ಇದೆ, ಬಲಕ್ಕೆ ಕೂತ ಹೆಂಗಸು ಎಷ್ಟು ಮಾತಾಡುತ್ತಾಳೆ ಎಂಬ ವರದಿ. ಒಂದು ಟಿಕೆಟ್ಟಿನಲ್ಲಿ ಎರಡು ಪೀಳಿಗೆಯ ಕಿವಿ ತಯಾರಾದದ್ದು ಹೀಗೆ. ಆಗಿನ ದಪ್ಪ ಬಣ್ಣದ ಕಾಗದದ ಟಿಕೆಟ್ಟುಗಳು ನಮ್ಮ ಟ್ರಂಕಿನಲ್ಲಿ ಈಗಲೂ ಗಟ್ಟಿಯಾಗಿವೆ. ಆಮೇಲೆ ಬಂದ ಯಂತ್ರದ ತೆಳು ಕಾಗದದವು ಅಕ್ಷರ ಅಳಿಸಿ ಬರೀ ಬಿಳಿ ಚೀಟಿಗಳಾಗಿವೆ. 2020ರ ಯುಗಾದಿಯದು ಮೊಬೈಲಿನಲ್ಲಿತ್ತು, ಮೊಬೈಲು ಬದಲಾಯಿತು.

2018ರಲ್ಲಿ ಉತ್ಸವ ಮುಕುಂದನಗರದ ಮೈದಾನಕ್ಕೆ ಹೋಯಿತು. 2019ರ ಡಿಸೆಂಬರ್ ಎಂದಿನಂತೆಯೇ ಮುಗಿಯಿತು. 2020 ಖಾಲಿ, 2021ರ ಡಿಸೆಂಬರೂ ಖಾಲಿ. ಇದೇ ಹೊತ್ತಿಗೆ ಭೀಮಸೇನರ ಜನ್ಮಶತಮಾನೋತ್ಸವದ ವರ್ಷ, 2022ರ ಫೆಬ್ರವರಿ 4ಕ್ಕೆ ಅವರು ಹುಟ್ಟಿ ನೂರು ವರ್ಷ. ಬದುಕಿನಲ್ಲಿ ಒಮ್ಮೆ ಬರುವ ಸಂಭ್ರಮ ಮಾಸ್ಕಿನ ಹಿಂದೆ ಮುಗಿದುಹೋಯಿತು. ನಡುವೆ 2020ರ ಆಗಸ್ಟಿನಲ್ಲಿ ಪಂಡಿತ ಜಸರಾಜರು ಹೋದರು. 2021ರ ಏಪ್ರಿಲಿನಲ್ಲಿ ಕೊರೊನಾ ಗಾಯಕ ರಾಜನ್ ಮಿಶ್ರರನ್ನು ಕೊಂಡೊಯ್ದಿತು, ಮೇ ಮೊದಲ ದಿನ ಸಿತಾರಿನ ದೇಬು ಚೌಧುರಿಯವರನ್ನು. ಮೊದಲಾಗಿದ್ದರೆ ಇಂಥ ಸುದ್ದಿ ಬಂದ ಸಂಜೆ ಊರಿನ ಯಾವುದಾದರೂ ಸಣ್ಣ ಹಾಲಿನಲ್ಲಿ ನಾಲ್ಕು ಜನ ಕೂಡಿ ಅವರ ಧ್ವನಿಮುದ್ರಿಕೆ ಹಾಕಿಕೊಂಡು ಕೂರುತ್ತಿದ್ದರು. ಅದೂ ಆಗಲಿಲ್ಲ.

2021ರ ಅಕ್ಟೋಬರ್ 22ಕ್ಕೆ ರಾಜ್ಯದ ನಾಟ್ಯಗೃಹಗಳು ಅರ್ಧ ಆಸನಗಳೊಂದಿಗೆ ತೆರೆದವು. ನವೆಂಬರ್ 4ಕ್ಕೆ ದೀಪಾವಳಿ. ದಿವಾಳಿ ಪಹಾಟಿನ, ಅಂದರೆ ದೀಪಾವಳಿಯ ಮುಂಜಾವಿನ, ಒಂದು ಕಛೇರಿಗೆ ನಸುಕಿನಲ್ಲೇ ಹೊರಟೆವು. ಅಭ್ಯಂಜನ ಮಾಡಿ, ಹೊಸ ಸೀರೆ ಉಟ್ಟು, ಮೇಲೆ ಮಾಸ್ಕು. ಬಾಗಿಲಲ್ಲಿ ಮುಂಗೈಗೆ ಪಿಸ್ತೂಲು ಹಿಡಿದಂತೆ ಜ್ವರ ನೋಡಿದರು, ಎರಡು ಡೋಸಿನ ಸರ್ಟಿಫಿಕೇಟು ಕೇಳಿದರು. ಕಾಕಾ ಅದನ್ನು ಲ್ಯಾಮಿನೇಟ್ ಮಾಡಿಸಿ ಕೊರಳಿಗೆ ಹಾಕಿಕೊಂಡು ಬಂದಿದ್ದರು. ಒಂದು ಬಿಟ್ಟು ಒಂದು ಕುರ್ಚಿಗೆ ಕೆಂಪು ಪಟ್ಟಿ. ಒಂದೇ ಮನೆಯಿಂದ ಒಂದೇ ಸ್ಕೂಟರಿನಲ್ಲಿ ಒತ್ತಿ ಕೂತು ಬಂದ ಗಂಡ ಹೆಂಡತಿ, ಒಳಗೆ ಬಂದ ಮೇಲೆ ನಡುವೆ ಖಾಲಿ ಕುರ್ಚಿ ಬಿಟ್ಟು ಕೂತರು.

ವೇದಿಕೆಯ ಮೇಲೆ ತಬಲಾದ ಹುಡುಗ ಎರಡೂ ಅಂಗೈಯನ್ನು ಗಾಳಿಗೆ ಹಿಡಿದು ಬೀಸುತ್ತಿದ್ದ. ನನಗೆ ಮೊದಲು ತಿಳಿಯಲಿಲ್ಲ. ಬಾಗಿಲಲ್ಲಿ ಅವನ ಕೈಗೂ ಸ್ಯಾನಿಟೈಸರ್ ಸುರಿದಿದ್ದರು. ಅದು ಪೂರ್ತಿ ಆರದೆ ಪೌಡರ್ ಹಚ್ಚುವ ಹಾಗಿಲ್ಲ, ಪೌಡರ್ ಹಚ್ಚದೆ ಕೈ ತಬಲಾದ ಚರ್ಮದ ಮೇಲೆ ಜಾರುವುದಿಲ್ಲ. ಒದ್ದೆ ಕೈ ಚರ್ಮಕ್ಕೆ ತಾಗಿದರೆ ಶ್ರುತಿಯೂ ಹೋಯಿತು. ಗವಾಯಿಗಳು ನಗುತ್ತ ಕಾದರು, ನಾವೂ ಕಾದೆವು. ಆಮೇಲೆ ಸಣ್ಣ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ದಾಯಾವನ್ನು, ಅಂದರೆ ಬಲಗೈಯ ತಬಲಾವನ್ನು, ಶ್ರುತಿಗೆ ಕೂಡಿಸಿಕೊಂಡ, ಮೊದಲ ಷಡ್ಜ ಬಂತು. ಒಂದೂವರೆ ವರ್ಷ ಮೊಬೈಲಿನ ಬೆರಳಗಲದ ಸ್ಪೀಕರಿನಲ್ಲಿ ಕೇಳಿದ ಕಿವಿಗೆ ನಾಲ್ಕು ತಂತಿಯ ತಂಬೂರಿ ಬೆನ್ನಿನ ತನಕ ತಟ್ಟಿತು. ಮುಂದಿನ ಸಾಲಿನಲ್ಲಿ ಒಬ್ಬರು ಮಾಸ್ಕು ಎತ್ತಿ ಕಣ್ಣು ಒರೆಸಿಕೊಂಡರು, ಸ್ವಯಂಸೇವಕಿ ಬಂದು ಮಾಸ್ಕು ಸರಿಮಾಡಿಕೊಳ್ಳಲು ಹೇಳಿ ಹೋದಳು.

ದಾದು, ಅಂದರೆ ಕೂತಲ್ಲಿಂದಲೇ ಮೆಚ್ಚುಗೆ, ಕೊಡುವುದೇ ದೊಡ್ಡ ಸಮಸ್ಯೆಯಾಯಿತು. ವೇಗದ ಸ್ವರಗಳ ಒಳ್ಳೆಯ ತಾನ್ ಬಂದು ಸಮ್ಮಿಗೆ ಬಿದ್ದಾಗ "ವಾಹ್" ಅನ್ನುವುದು ಮಾಸ್ಕಿನೊಳಗೇ ಸತ್ತುಹೋಗುತ್ತಿತ್ತು. ವೇದಿಕೆಯಿಂದ ನೋಡಿದರೆ ಬರೀ ಕಣ್ಣು, ಅರ್ಧ ಖಾಲಿ ಕುರ್ಚಿ. ಪಕ್ಕದ ಮನೆಯ ವೈನಿ ಬಗ್ಗಿ ನನ್ನ ಕಿವಿಯಲ್ಲಿ ಅಂದರು: "ನಮ್ಮ ಮಾರೀನ ಕಾಣಂಗಿಲ್ಲಂದ್ರ ಅವರರ ಹೆಂಗ ಹಾಡಬೇಕ್ರೀ, ಪಾಪ?" ಅವರ ಮಾತು ಖರೆ. ಹಿಂದುಸ್ತಾನಿ ಗಾಯನದಲ್ಲಿ ಮುಂದೇನು ಹಾಡಬೇಕೆಂಬುದು ಅರ್ಧ ಕೂತವರ ಮುಖ ನೋಡಿ ನಿರ್ಧಾರವಾಗುತ್ತದೆ. ಒಬ್ಬರು ತಲೆದೂಗಿದರೆ ಅದೇ ಜಾಗಕ್ಕೆ ಇನ್ನೊಮ್ಮೆ ಬೇರೆ ದಾರಿಯಿಂದ ಬರುತ್ತಾರೆ. ಹಾಗಾಗಿ ಜನ ಬೇರೆ ಉಪಾಯ ಹುಡುಕಿದರು, ಮಾಸ್ಕಿನ ಮೇಲಿಂದ ಕೈ ಎತ್ತಿ ತೋರಿಸಿದರು, ತೊಡೆಯ ಮೇಲೆ ತಾಳ ಜೋರಾಗಿ ಹಾಕಿದರು. ವೇಗದ ದ್ರುತ್ ಭಾಗ ಮುಗಿದಾಗ ಚಪ್ಪಾಳೆ ಅರ್ಧ ಸಭೆಯದು ಅನ್ನಿಸಲಿಲ್ಲ. ಮಧ್ಯಂತರ ಇರಲಿಲ್ಲ, ಕ್ಯಾಂಟೀನು ಮುಚ್ಚಿತ್ತು. ಬಟಾಟೆ ವಡೆ ಇಲ್ಲದ ಪುಣೆಯ ಕಛೇರಿಯನ್ನು ನಾನು ನೋಡಿದ್ದು ಅದೊಂದೇ.

ಇನ್ನು ಪೂರ್ತಿ ಬಿಡುಗಡೆ ಆಗಿದ್ದು 2022ರ ಯುಗಾದಿಯ ಹೊತ್ತಿಗೆ. ಆ ಡಿಸೆಂಬರ್ 14ರಿಂದ 18ರವರೆಗೆ ಸವಾಯಿ ಮತ್ತೆ ನಡೆಯಿತು, ನೆಲದ ಜಾಗ ತುಂಬಿ ತುಳುಕಿತು. ಅವತ್ತಿನಿಂದ ಎಲ್ಲರೂ ಹಳೆಯದನ್ನು ಮರೆತು ಮುಂದೆ ನಡೆದರು. ಮರೆಯಲಿ, ಬೇಡ ಅನ್ನುವುದಿಲ್ಲ. ಮರೆಯದೆ ಉಳಿದುಕೊಂಡದ್ದು ಒಂದೇ, ರೋಗದ ಕಾಲಕ್ಕೆಂದು ತಂದ ಮೊಬೈಲ್ ಟಿಕೆಟ್ಟು. ಕೈ ತಾಗಬಾರದು ಎಂಬ ಕಾರಣಕ್ಕೆ ಮುಚ್ಚಿದ ಎಷ್ಟೋ ಟಿಕೆಟ್ ಕಿಟಕಿಗಳು ಆಮೇಲೆ ತೆರೆಯಲೇ ಇಲ್ಲ. ಕೊಂಡವರ ಹೆಸರು, ಫೋನ್ ನಂಬರು, ಓಟಿಪಿ ಇಲ್ಲದೆ ಒಳಗೆ ಬಿಡದ ಕಡೆ ಅತ್ತೆಯಿಂದ ಸೊಸೆಗೆ ಟಿಕೆಟ್ಟು ಹೇಗೆ ದಾಟಬೇಕು? ಖರಾಡಿಯಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಇದಕ್ಕೆ ನಗುತ್ತಾನೆ. 2025ರ ಜನವರಿಯಲ್ಲಿ ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಬ್ರಿಟನ್ನಿನ ರಾಕ್ ತಂಡವಾದ ಕೋಲ್ಡ್‌ಪ್ಲೇ ಕಛೇರಿ ಆಯಿತಲ್ಲ, ಅದರ ಟಿಕೆಟ್ಟಿಗೆ ಹಿಂದಿನ ಸೆಪ್ಟೆಂಬರಿನ ಭಾನುವಾರ ಅವನೂ ಅವನ ಗೆಳೆಯರೂ ಮೊಬೈಲ್ ಹಿಡಿದು ಸಾಲಿನಲ್ಲಿ ಕೂತಿದ್ದರು. ಅವರ ಮುಂದೆ ಲಕ್ಷಗಟ್ಟಲೆ ಮಂದಿ. ಸಿಗಲಿಲ್ಲ, ಸ್ವಲ್ಪ ಹೊತ್ತಿಗೆ ಅದೇ ಟಿಕೆಟ್ಟು ಬೇರೆ ಕಡೆ ಹತ್ತಾರು ಪಟ್ಟು ಬೆಲೆಗೆ ಮಾರಾಟಕ್ಕಿತ್ತು. ಅವನಿಗೂ ನನಗೂ ಸಂಗೀತದಲ್ಲಿ ಹೊಂದುವುದು ಏನೂ ಇಲ್ಲ, ಆದರೆ ಟಿಕೆಟ್ಟಿನ ದೂರು ಇಬ್ಬರದೂ ಒಂದೇ. ಕೊಳ್ಳುವಾಗ ಎಲ್ಲ ಷರತ್ತೂ ನಮಗೆ, ಮಾರುವವರಿಗೆ ಒಂದೂ ಇಲ್ಲ.

ಆಯೋಜಕರ ಕಷ್ಟ ನನಗೆ ಗೊತ್ತಿದೆ. ಪೆಂಡಾಲಿನವರಿಗೆ ಮುಂಗಡ, ಕಲಾವಿದರ ವಿಮಾನದ ಟಿಕೆಟ್ಟು, ಹೋಟೆಲು, ಜಾಹೀರಾತು, ಎಲ್ಲದಕ್ಕೂ ದುಡ್ಡು ಹೋಗಿರುತ್ತದೆ. ಸಾಂಕ್ರಾಮಿಕಕ್ಕೆ ವಿಮೆ ಮಾಡಿಸಬಹುದಲ್ಲ ಅಂದರೆ, ವಿಂಬಲ್ಡನ್ ಟೆನಿಸ್ಸಿನವರು ಮಾಡಿಸಿದ್ದರು, 2020ರಲ್ಲಿ ಪಂದ್ಯಾವಳಿ ರದ್ದಾದಾಗ ಅವರಿಗೆ ಅದು ಒದಗಿಬಂತು. ಇನ್ನೂರು ಕುರ್ಚಿಯ ಹಾಲಿನಲ್ಲಿ ಬೈಠಕ್ ಮಾಡುವ ನಮ್ಮ ಸಣ್ಣ ಸಂಘಗಳಿಗೆ ಅದು ಕೈಗೆಟುಕುವ ಮಾತಲ್ಲ. ಆದ್ದರಿಂದ ವಾಪಸಾತಿ ಮೇಲಿನಿಂದ ಶುರುವಾಗಬೇಕು. ಬಾಲಗಂಧರ್ವ ರಂಗಮಂದಿರ, ಯಶವಂತರಾವ್ ಚವ್ಹಾಣ ನಾಟ್ಯಗೃಹದಂಥ ಪುಣೆಯ ದೊಡ್ಡ ಸಭಾಗೃಹಗಳು ಮಹಾನಗರಪಾಲಿಕೆಯವು. ಸರ್ಕಾರಿ ಆದೇಶದಿಂದ ಬಾಗಿಲು ಮುಚ್ಚಿದ ದಿನವೇ ಸಭಾಗೃಹದ ಬಾಡಿಗೆ, ಠೇವಣಿ ಆಯೋಜಕರ ಖಾತೆಗೆ ತಾನಾಗಿ ಹಿಂದಿರುಗುವಂತೆ ನೀವು ಮಾಡಿದರೆ, ಆಯೋಜಕರಿಗೆ ನಮ್ಮ ದುಡ್ಡು ಹಿಡಿದಿಡಲು ಅರ್ಧ ಕಾರಣ ಕಡಿಮೆಯಾಗುತ್ತದೆ. ಮಾರುವ ಕಂಪನಿಗಳು ಕಾರ್ಯಕ್ರಮ ಮುಗಿಯುವ ತನಕ ಹಣವನ್ನು ಬೇರೆ ಖಾತೆಯಲ್ಲಿ ಇಡಬೇಕೆಂದರೆ ಇನ್ನರ್ಧವೂ ಹೋಗುತ್ತದೆ.

ಅಚ್ಚು ಹಾಕಬೇಕಾದ ಸಾಲುಗಳನ್ನು ನಾವೇ ಕೂತು ಬರೆದಿದ್ದೇವೆ. ವಕೀಲರು ತಿದ್ದಲಿ, ಅರ್ಥ ಮಾತ್ರ ಉಳಿಯಲಿ:

"ಸರ್ಕಾರಿ ಆದೇಶದಿಂದ ಕಾರ್ಯಕ್ರಮ ರದ್ದಾದರೆ ಸೇವಾಶುಲ್ಕ ಸಹಿತ ಪೂರ್ತಿ ಹಣ 30 ದಿನದೊಳಗೆ ವಾಪಸು.
ಮುಂದೂಡಿದರೆ ಇದೇ ಟಿಕೆಟ್ಟು ನಡೆಯುತ್ತದೆ. ಒಂದು ವರ್ಷದೊಳಗೆ ಕಾರ್ಯಕ್ರಮ ಆಗದಿದ್ದರೆ ನಗದು.
ಟಿಕೆಟ್ಟು ಕೊಂಡವರು ಇಚ್ಛಿಸಿದರೆ ಈ ಹಣವನ್ನು ಅಂದಿನ ಸಾಥಿದಾರರಿಗೂ ಧ್ವನಿ-ಬೆಳಕಿನವರಿಗೂ ಬಿಡಬಹುದು. ಕೊಟ್ಟದ್ದಕ್ಕೆ ರಸೀದಿ ಸಿಗುತ್ತದೆ.
ಈ ಟಿಕೆಟ್ಟನ್ನು ಕೊಂಡ ಬೆಲೆಗೆ ಅಥವಾ ಉಚಿತವಾಗಿ ಬೇರೆಯವರಿಗೆ ಕೊಡಬಹುದು."

ಮೊಬೈಲ್ ಟಿಕೆಟ್ಟಿಗೆ ಬೆನ್ನಿಲ್ಲ ಅಂತ ಯಾರಾದರೂ ಜಾಣತನ ಮಾಡಿಯಾರು. ಹಣ ಕಟ್ಟುವ ಗುಂಡಿಯ ಮೇಲ್ಗಡೆ ಇದೇ ನಾಲ್ಕು ಸಾಲು, ಮರಾಠಿಯಲ್ಲಿ, ಓದಲು ಬರುವ ಗಾತ್ರದಲ್ಲಿ ಇರಲಿ. ಜೊತೆಗೆ ಪ್ರತಿ ಸಭಾಗೃಹದಲ್ಲಿ ಮಾರಾಟದ ಒಂದು ಭಾಗವಾದರೂ ಕಿಟಕಿಯಲ್ಲಿ, ಕಾಗದದಲ್ಲಿ ಉಳಿಯಲಿ. ಕಾಕಾನಂಥವರು ಇನ್ನೂ ಬರುತ್ತಾರೆ.

ಇನ್ನು ನಮ್ಮ ಕನ್ನಡದ ಶ್ರೋತೃಗಳಿಗೆ ಒಂದು ಮಾತು. ಬರುವ ಸೀಸನ್ನಿನ ಟಿಕೆಟ್ಟು ಕೊಳ್ಳುವಾಗ ಆಯೋಜಕರನ್ನು ಇಷ್ಟು ಕೇಳಿರಿ: ಕಾರ್ಯಕ್ರಮ ನಿಂತರೆ ನಮ್ಮ ಹಣದ ಗತಿ ಏನು, ಸಾಥಿದಾರರಿಗೆ ಏನು ಕೊಡುತ್ತೀರಿ? ಜಗಳ ಬೇಡ, ಕೇಳಿದರೆ ಸಾಕು. ಹತ್ತು ಜನ ಕೇಳಿದ್ದನ್ನು ಹನ್ನೊಂದನೆಯವರಿಗೆ ಅವರೇ ಅಚ್ಚು ಹಾಕಿ ಕೊಡುತ್ತಾರೆ. ಈ ಪತ್ರಕ್ಕೆ ಸಹಿ ಹಾಕುವ ಮನಸ್ಸಿದ್ದವರು ತಮ್ಮ ಊರಿನ ಹೆಸರಿನಲ್ಲಿ ಒಂದು ಕಾರ್ಡು ಬರೆದು ಸಾಂಸ್ಕೃತಿಕ ಖಾತೆಗೆ ಹಾಕಿರಿ. ಮರಾಠಿ ಬರೆಯಲು ತಡವರಿಸುವವರಿಗೆ ಮನೆಯ ಮಕ್ಕಳು ಬರೆದುಕೊಡುತ್ತಾರೆ.

ಸಚಿವರೇ, ಡಿಸೆಂಬರಿನ ಟಿಕೆಟ್ಟುಗಳು ಅಚ್ಚಿಗೆ ಹೋಗುವ ಮುಂಚೆ ಉತ್ತರ ಬಂದರೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡದಲ್ಲಿ ಹುಟ್ಟಿ ಪುಣೆಯಲ್ಲಿ ಸಂಸಾರ ಮಾಡಿದ ಒಬ್ಬ ನಿವೃತ್ತ ಬ್ಯಾಂಕ್ ನೌಕರಳು